ಎಷ್ಟು ನೀರು, ಎಂಥ ನೀರು?

2018ನೆಯ ಇಸವಿಯ ಅಗಸ್ಟ್ ತಿಂಗಳಿನಲ್ಲಿ ಮಹಾದಾಯಿ ಜಲವಿವಾದ ನ್ಯಾಯಾಧಿಕರಣದ ತೀರ್ಪು ಹೊರಬಿದ್ದಾಗ ನಮ್ಮ ಭಾಗದ ಹಳ್ಳಿಹಳ್ಳಿಗಳಲ್ಲಿಯೂ ಅಂಕಿಗಳ ಮಾತೇ ಮಾತಾಗಿದ್ದಿತು. ಕರ್ನಾಟಕಕ್ಕೆ 13.42 ಟಿ.ಎಂ.ಸಿ., ಅದರಲ್ಲಿ ಮಲಪ್ರಭೆಯ ಕಡೆಗೆ ಕಳಸಾ ನಾಲೆಯಿಂದ 1.72, ಬಂಡೂರಿಯಿಂದ 2.18 ಎಂಬ ಲೆಕ್ಕವನ್ನು ಚಹದಂಗಡಿಯ ಕಟ್ಟೆಯ ಮೇಲೆ ಕುಳಿತ ರೈತನೂ ಬಾಯಿಪಾಠ ಒಪ್ಪಿಸುತ್ತಿದ್ದನು. ಹೊಳೆಗೆ ನೀರು ಬೇಕೆಂದು ದಶಕಗಟ್ಟಲೆ ಹೋರಾಡಿದ ಜನಕ್ಕೆ ಅದು ಸಹಜವೇ. ಮರುತಿಂಗಳು, ಸೆಪ್ಟೆಂಬರಿನಲ್ಲಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದ ಮಲಿನ ನದೀಭಾಗಗಳ ಪಟ್ಟಿಯೊಂದನ್ನು ಹೊರತಂದಿತು. ಒಟ್ಟು 351 ನದೀಭಾಗಗಳು. ಅವುಗಳಲ್ಲಿ ಕರ್ನಾಟಕದವು 17. ಆ 17ರಲ್ಲಿ ಖಾನಾಪುರದಿಂದ ರಾಮದುರ್ಗದವರೆಗಿನ ಮಲಪ್ರಭೆಯೂ ಒಂದು. ಈ ಅಂಕಿಯನ್ನು ಮಾತ್ರ ಯಾವ ಚಹದಂಗಡಿಯಲ್ಲಿಯೂ ನಾವು ಕೇಳಲಿಲ್ಲ.

ನೀರು ಎಷ್ಟು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಭೆಗಳಾಗುತ್ತವೆ, ಬಂದ್ ಆಗುತ್ತವೆ. ನೀರು ಎಂಥದು ಎಂಬ ಪ್ರಶ್ನೆಯನ್ನು ಕೇಳುವವರು ಪ್ರಯೋಗಶಾಲೆಯ ನಾಲ್ಕು ಜನ ಮಾತ್ರ. ಅವರ ಉತ್ತರಗಳು ವರದಿಗಳಲ್ಲಿಯೇ ಉಳಿದುಬಿಡುತ್ತವೆ. ಬೆಳಗಾವಿಯಂತಹ ಊರಿನಲ್ಲಿ ಇದು ಇನ್ನೂ ವಿಷಾದಕರ. ಏಕೆಂದರೆ ರೂರ್ಕಿಯಲ್ಲಿ ಕೇಂದ್ರಸ್ಥಾನವಿರುವ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯು ಗಟ್ಟಿಶಿಲೆಯ ಪ್ರದೇಶಗಳ ಅಧ್ಯಯನಕ್ಕಾಗಿ ತನ್ನ ಪ್ರಾದೇಶಿಕ ಕೇಂದ್ರವನ್ನು 1987ರಲ್ಲಿ ತೆರೆದದ್ದು ಇದೇ ಬೆಳಗಾವಿಯಲ್ಲಿ. ವಿದ್ಯೆ ಮನೆಯ ಬಾಗಿಲಿಗೆ ಬಂದು ನಿಂತಿದ್ದರೂ ಒಳಕ್ಕೆ ಕರೆಯುವವರಿಲ್ಲ.

ಮಲಪ್ರಭೆಯು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಮಾವುಲಿ ದೇವಿಯ ಗುಡಿಯ ಸಮೀಪದಲ್ಲಿ ಹುಟ್ಟುತ್ತಾಳೆ. ಹಬ್ಬನಹಟ್ಟಿಯ ಮಾರುತಿಯನ್ನೂ ಅಸೋಗೆಯ ರಾಮಲಿಂಗೇಶ್ವರನನ್ನೂ ಕಂಡು, ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕಾ ತಾಯಿಯವರ ಐಕ್ಯಮಂಟಪವನ್ನು ಬಳಸಿ, ನವಿಲುತೀರ್ಥದ ಕಟ್ಟೆಯಲ್ಲಿ ತಂಗಿ, ಸುಮಾರು 300 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅಣ್ಣನವರ ಐಕ್ಯಸ್ಥಳವೂ ಗಂಗಾಂಬಿಕೆಯವರ ಐಕ್ಯಸ್ಥಳವೂ ಒಂದೇ ಹೊಳೆಯ ಮಡಿಲಿನಲ್ಲಿವೆ ಎಂಬುದನ್ನು ನಮ್ಮ ಭಕ್ತರಿಗೆ ಬೇರೆ ಹೇಳಬೇಕಾಗಿಲ್ಲ. ಆ ಹೊಳೆಯನ್ನು ನಾವು ತೀರ್ಥವೆಂದು ಕರೆಯುತ್ತೇವೆ, ತಂಬಿಗೆಯಲ್ಲಿ ತುಂಬಿಕೊಂಡು ಮನೆಗೆ ತರುತ್ತೇವೆ. ಆದರೆ ಹುಟ್ಟಿದ ಕೆಲವೇ ಹರದಾರಿಗಳ ಅಂತರದಲ್ಲಿ, ಇನ್ನೂ ಖಾನಾಪುರವನ್ನು ದಾಟುವಷ್ಟರಲ್ಲಿಯೇ, ಆಕೆಯ ಹೆಸರು ಮಲಿನ ನದಿಗಳ ಪಟ್ಟಿಗೆ ಸೇರಿತು.

ಆ ಪಟ್ಟಿಗೆ ಸೇರಿಸುವಾಗ ನೋಡಿದ ಅಳತೆ ಯಾವುದೆಂಬುದನ್ನು ಗೃಹಿಣಿಯರೂ ಸುಲಭವಾಗಿ ತಿಳಿಯಬಹುದು. ಅದಕ್ಕೆ ಬಿ.ಒ.ಡಿ. ಎನ್ನುತ್ತಾರೆ, ಜೈವಿಕ ಆಮ್ಲಜನಕದ ಬೇಡಿಕೆ ಎಂದು ಅರ್ಥ. ಹೊಳೆಗೆ ಬಿದ್ದ ಹೊಲಸನ್ನು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ತಿಂದು ಕರಗಿಸುತ್ತವೆ. ಹಾಗೆ ತಿನ್ನುವಾಗ ಅವು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಉಸಿರಾಡುತ್ತವೆ. ಹೊಲಸು ಹೆಚ್ಚಿದಷ್ಟೂ ಉಸಿರು ಹೆಚ್ಚು ಖರ್ಚಾಗುತ್ತದೆ, ಮೀನು ಮೊದಲಾದವುಗಳ ಪಾಲಿಗೆ ಉಳಿಯುವುದು ಕಡಿಮೆ. ನೀರನ್ನು ಸೀಸೆಯಲ್ಲಿ ಭದ್ರಮಾಡಿ 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನ ಇಟ್ಟು, ಎಷ್ಟು ಆಮ್ಲಜನಕ ಕಡಿಮೆಯಾಯಿತೆಂದು ನೋಡಿದರೆ ಹೊಲಸಿನ ಲೆಕ್ಕ ಸಿಕ್ಕುತ್ತದೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಇದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಮೀರಿದ ನದೀಭಾಗಗಳೇ ಆ 351. ಮಲಪ್ರಭೆಯಲ್ಲಿ ಇದಕ್ಕೆ ಮುಖ್ಯ ಕಾರಣ ಹೊರಗಿನಿಂದ ಬಂದ ಯಾವ ರಾಕ್ಷಸನೂ ಅಲ್ಲ. ದಂಡೆಯ ಊರುಗಳ ಗಟಾರದ ನೀರು. ಅಂದರೆ ನಮ್ಮ ನಮ್ಮ ಬಚ್ಚಲುಗಳ ನೀರು.

ಖಾನಾಪುರದ ಕಾಡಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಕಣಕುಂಬಿಯ ಕಡೆಗೆ ವರ್ಷಕ್ಕೆ 3000 ಮಿಲಿಮೀಟರು ಮೀರಿ ಮಳೆಯಾಗುತ್ತದೆ. ಬೆಳಗಾವಿಗೆ ಬರುವಷ್ಟರಲ್ಲಿ ಅದು ಸುಮಾರು 1300. ಸವದತ್ತಿಯ ಕಡೆಗೆ 600ರ ಆಸುಪಾಸು. ಬಯಲುಸೀಮೆಯ ಬಾಯಾರಿಕೆಗೆ ಉತ್ತರವಿರುವುದು ಘಟ್ಟದ ಅಂಚಿನಲ್ಲಿ. ಪಶ್ಚಿಮಘಟ್ಟದ ಸ್ವಾಭಾವಿಕ ಅರಣ್ಯ, ಹಾಳುಬಿದ್ದ ಅರಣ್ಯ, ಅಕೇಶಿಯಾ ನೆಡುತೋಪು ಈ ಮೂರರ ಮಣ್ಣಿನಲ್ಲಿ ನೀರು ಇಂಗುವ ವೇಗವನ್ನು ಬೆಳಗಾವಿ ಕೇಂದ್ರದ ವಿಜ್ಞಾನಿಗಳೂ ಅವರ ಜೊತೆಗಾರರೂ ಅಳೆದು ನೋಡಿದ್ದಾರೆ. ಹಾಳುಬಿದ್ದ ನೆಲದಲ್ಲಿ ಇಂಗುವುದು ತೀರ ಕಡಿಮೆ. ಅಲ್ಲಿ ಮಳೆಯು ಮಣ್ಣನ್ನು ಕೊಚ್ಚಿಕೊಂಡು ಮೇಲೆಯೇ ಓಡುತ್ತದೆ. ಕಾಡು ಇದ್ದಲ್ಲಿ ನೀರು ಇಂಗಿ, ಸೋಸಿ, ಬೇಸಿಗೆಯವರೆಗೆ ತೊಟ್ಟಿಕ್ಕುತ್ತದೆ. 2011ರ ಡಿಸೆಂಬರಿನಲ್ಲಿ ಭೀಮಗಡವನ್ನು ವನ್ಯಜೀವಿಧಾಮವೆಂದು ಘೋಷಿಸಿದಾಗ ಹುಲಿಯ ಮಾತು ಬಂದಿತು, ಬಾವಲಿಯ ಮಾತೂ ಬಂದಿತು. ನಮಗೆ ಕೇಳಿದರೆ ಅದು ಮೊದಲಿಗೆ ನೀರಿನ ಉಗ್ರಾಣ.

ಇನ್ನು ಬೆಳಗಾವಿ ನಗರ. ಇದರ ಕುಡಿಯುವ ನೀರಿನ ಹಳೆಯ ಆಸರೆ ಮಾರ್ಕಂಡೇಯ ನದಿಗೆ ಕಟ್ಟಿದ ರಾಕಸಕೊಪ್ಪ ಜಲಾಶಯ. ಅನಂತರ ಘಟಪ್ರಭೆಯ ಹಿಡಕಲ್ ಜಲಾಶಯದ ನೀರೂ ಕೂಡಿಕೊಂಡಿತು. ಮಾರ್ಕಂಡೇಯವೂ ಖಾನಾಪುರ ತಾಲ್ಲೂಕಿನ ಬೈಲೂರು ಭಾಗದಲ್ಲಿಯೇ ಹುಟ್ಟುವುದು. ರಾಕಸಕೊಪ್ಪವು ನಗರಕ್ಕಿಂತ ಮೇಲುಭಾಗದಲ್ಲಿದೆ. ನಗರದ ಕೊಳೆಯನ್ನು ಹೊತ್ತ ಬಳ್ಳಾರಿ ನಾಲೆಯು ಕೆಳಭಾಗದಲ್ಲಿ ಅದೇ ಮಾರ್ಕಂಡೇಯಕ್ಕೆ ಬೀಳುತ್ತದೆ. ಆದಕಾರಣ ನಾವು ಬಿಟ್ಟ ಕೊಳೆ ನಮ್ಮ ನಳಕ್ಕೆ ತಿರುಗಿ ಬರುವುದಿಲ್ಲ; ಕೆಳಗಿನ ಹಳ್ಳಿಗಳ ಪಾಲಿಗೆ ಹೋಗುತ್ತದೆ, ಗೋಕಾಕದ ಹತ್ತಿರ ಘಟಪ್ರಭೆಯನ್ನು ಕೂಡುತ್ತದೆ. ದಾರಿಯಲ್ಲಿ ಶಹಾಪುರ, ವಡಗಾವಿ, ಯಳ್ಳೂರುಗಳ ಕಡೆಗೆ ಬಾಸುಮತಿಯ ಗದ್ದೆಗಳಿವೆ. ಆ ಅಕ್ಕಿಯ ಪರಿಮಳವನ್ನು ಹೊಗಳುವ ನಗರವಾಸಿಗಳು ನಾಲೆ ಉಕ್ಕಿದ ದಿನ ಆ ಗದ್ದೆಗಳ ಬದುವಿನ ಮೇಲೆ ನಿಂತು ಬರುವ ವಾಸನೆಯನ್ನು ಒಮ್ಮೆ ನೋಡಬೇಕು.

ನಗರಕ್ಕೆ ಮೂರನೆಯ ಆಸರೆಯೊಂದಿದೆ. ನಮ್ಮ ಮಾತಿನ ತಿರುಳು ಇರುವುದು ಅಲ್ಲಿಯೇ. ಅವು ಬಾವಿಗಳು. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಟಿಳಕವಾಡಿಯಲ್ಲಿ ತೋಡಿದ ಬಾವಿಗೆ ಪಂಪಾ ಸರೋವರ ಎಂದು ಹೆಸರಿಟ್ಟಿದ್ದರು. ಜನರ ಬಾಯಲ್ಲಿ ಅದು ಕಾಂಗ್ರೆಸ್ ಬಾವಿ. ನಳಗಳು ಬಂದ ಮೇಲೆ ಇಂತಹ ಹಳೆಯ ಬಾವಿಗಳು ಕಸದ ಗುಂಡಿಗಳಾದವು. 1995ರಲ್ಲಿ ನೀರಿನ ಬರ ಬಿದ್ದಾಗ ನಗರದವರಿಗೆ ಅವುಗಳ ನೆನಪಾಯಿತು. ಇಂಜಿನಿಯರುಗಳೂ ಭೂಗರ್ಭ ಬಲ್ಲವರೂ ಕಲೆತು ಹೂಳು ತೆಗೆಯಿಸಿ, ನೀರನ್ನು ಪರೀಕ್ಷಿಸಿ, ಪಂಪುಗಳನ್ನು ಕೂಡಿಸಿದರು. ಕಾಂಗ್ರೆಸ್ ಬಾವಿಯಿಂದ ಆರಂಭವಾದ ಆ ಕೆಲಸ ಮುಂದೆ ಹತ್ತಾರು ಬಾವಿಗಳಿಗೆ ಹಬ್ಬಿತು. ಶಾಸ್ತ್ರವು ಬಳಕೆಗೆ ಬರುವುದೆಂದರೆ ಹೀಗೆ.

ಆ ಬಾವಿಗಳಲ್ಲಿ ನೀರು ಬೇಗ ತುಂಬುವುದಕ್ಕೆ ಕಾರಣ ಬೆಳಗಾವಿಯ ನೆಲ. ಕೆಳಗೆ ಕಪ್ಪು ಬಸಾಲ್ಟ್ ಶಿಲೆ, ಅದರ ಮೇಲೆ ಕೆಂಪಗಿನ ಜಂಬಿಟ್ಟಿಗೆಯ ಪದರ. ಜಂಬಿಟ್ಟಿಗೆಯು ಜೇನುಹುಟ್ಟಿನಂತೆ ತೂತುತೂತು. ಮಳೆಯ ನೀರನ್ನು ಗಟಗಟನೆ ಕುಡಿಯುತ್ತದೆ. ಆದರೆ ಕುಡಿಯುವಾಗ ಮಳೆಯ ನೀರು, ಒಡೆದ ಒಳಚರಂಡಿಯ ನೀರು ಎಂಬ ಭೇದವನ್ನು ಅದು ಮಾಡುವುದಿಲ್ಲ. ಬಾವಿಯ ಮಗ್ಗುಲಲ್ಲಿಯೇ ಶೌಚದ ಗುಂಡಿಯಿದ್ದರೆ ಅಲ್ಲಿಯ ರಸವು ಸೋಸಿಹೋಗುವುದಕ್ಕೆ ಮೊದಲೇ ಬಾವಿಯನ್ನು ಮುಟ್ಟಬಲ್ಲದು. ಬರಗಾಲದಲ್ಲಿ ನಗರದ ಜೀವ ಉಳಿಸಿದ ಬಾವಿಗಳಿಗೆ ಈಗಿನ ಶತ್ರು ಬರವಲ್ಲ, ಅಕ್ಕಪಕ್ಕದ ಗುಂಡಿಗಳು. ಹೊಲಸಿನಿಂದ ಎರಡು ಬಗೆಯ ಕೇಡು ಬರುತ್ತದೆ. ಒಂದು ರೋಗಾಣು, ಅದು ಕುದಿಸಿದರೆ ಸಾಯುತ್ತದೆ. ಇನ್ನೊಂದು ನೈಟ್ರೇಟು, ಅದು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಸಾಂದ್ರವಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಇದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಹಾಲುಗೂಸುಗಳಿಗೆ ಅದರಿಂದ ರಕ್ತದ ಆಮ್ಲಜನಕ ಹೊರುವ ಶಕ್ತಿ ಕುಗ್ಗಿ ಮೈ ನೀಲಿಗಟ್ಟುವ ಅಪಾಯವಿದೆ. ಬಾವಿಯ ನೀರನ್ನು ಕಾಯಿಸಿ ಹಾಲಿನ ಪುಡಿ ಕಲೆಸಿ ಕೂಸಿಗೆ ಕುಡಿಸುವ ತಾಯಂದಿರು ಈ ಒಂದು ಮಾತನ್ನು ಅವಶ್ಯ ನೆನಪಿಡಬೇಕು.

ಹಾಗಾದರೆ ನಳದ ನೀರು ನಿರ್ಭಯವೆ? ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ವಾರ್ಡುಗಳಲ್ಲಿ ಹಗಲಿರುಳೂ ನೀರು ಬಿಡುವ ಯೋಜನೆ ಜಾರಿಗೆ ಬಂದ ಮೇಲೆ, ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಹೋಲಿಕೆ ಮಾಡಿ 2013ರಲ್ಲಿ ಪ್ರಕಟಿಸಿದರು. ಕೆಲವು ದಿನಗಳಿಗೊಮ್ಮೆ ನೀರು ಬರುವ ಓಣಿಗಳ ನಳಗಳಲ್ಲಿ ಸುಮಾರು ಮೂರು ಮಾದರಿಗೆ ಒಂದರಲ್ಲಿ ಮಲಸಂಬಂಧಿಯಾದ ಈ-ಕೋಲೈ ಅಣುಜೀವಿ ಸಿಕ್ಕಿತು. ಸದಾ ನೀರಿರುವ ಓಣಿಗಳಲ್ಲಿ ನೂರಕ್ಕೆ ಒಂದೂ ಇಲ್ಲ. ನೀರು ಶುದ್ಧೀಕರಣ ಕೇಂದ್ರದಿಂದ ಶುದ್ಧವಾಗಿಯೇ ಹೊರಡುತ್ತದೆ. ಆದರೆ ಕೊಳವೆ ಬರಿದಾದಾಗ ಒಳಗಿನ ಒತ್ತಡ ಇಳಿದು, ಬಿರುಕಿನ ಮೂಲಕ ಪಕ್ಕದ ಗಟಾರದ ನೀರು ಒಳಸೇರುತ್ತದೆ. ಆದ್ದರಿಂದ ಮೊದಲು ಬಂದ ನೀರನ್ನು ಕುಡಿಯಲು ಹಿಡಿಯದೆ ಗಿಡಗಳಿಗೆ ಬಿಡುವುದು ಲೇಸು. ಇನ್ನೊಂದು ಸಂಗತಿ: ಒಳ್ಳೆಯ ನೀರು ಬರುವ ಮನೆಗಳಲ್ಲಿಯೂ ಕೊಡದಲ್ಲಿ ತುಂಬಿಟ್ಟ ಮೇಲೆ ನೀರು ಕೆಡುವುದನ್ನು ಅವರು ಕಂಡರು. ಕೈಯದ್ದುವ ತಂಬಿಗೆಯೇ ಅಲ್ಲಿಯ ಗಟಾರ. ಹಿಡಿಕೆಯುಳ್ಳ ಸೌಟು ಅಥವಾ ತೋಟಿಯಿರುವ ಪಾತ್ರೆಯಿಟ್ಟರೆ ಈ ಕೇಡು ಬಹಳ ಮಟ್ಟಿಗೆ ತಪ್ಪುತ್ತದೆ.

ಗಾಳಿಯ ವಿಷಯ ಇಷ್ಟು ವಿಸ್ತಾರ ಬೇಡುವುದಿಲ್ಲ. ಉದ್ಯಮಬಾಗದ ಎರಕದ ಕಾರ್ಖಾನೆಗಳಿಂದ ಬೆಳಗಾವಿಗೆ ಅನ್ನವೂ ಬಂದಿದೆ, ಹೊಗೆಯೂ ಬಂದಿದೆ. ಕೋಕ್ ಕಲ್ಲಿದ್ದಲು ಉರಿಯುವ ಕುಪೋಲಾ ಕುಲುಮೆಯ ಬದಲು ವಿದ್ಯುತ್ತಿನ ಇಂಡಕ್ಷನ್ ಕುಲುಮೆ ಬಂದಲ್ಲಿ ಊರಿನ ಮೇಲೆ ಬೀಳುವ ಮಸಿ ಕಡಿಮೆ. ಖಾನಾಪುರದ ಕಡೆಗೆ ಒಳ್ಳೆಯ ಜೇಡಿಮಣ್ಣು ಇರುವುದರಿಂದ ಹೆಂಚು, ಇಟ್ಟಿಗೆಯ ಭಟ್ಟಿಗಳು ಹಿಂದಿನಿಂದಲೂ ಇವೆ. ಚಳಿಗಾಲದ ಬೆಳಗಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುವುದರಿಂದ ಹೊಗೆ ಮೇಲೇರದೆ ಮುಚ್ಚಳ ಹಾಕಿದಂತೆ ನಿಲ್ಲುತ್ತದೆ. ಸಣ್ಣ ಕಣ ಪಿ.ಎಂ. 2.5ರ ವಾರ್ಷಿಕ ಮಿತಿ ನಮ್ಮ ದೇಶದಲ್ಲಿ ಘನಮೀಟರಿಗೆ 40 ಮೈಕ್ರೋಗ್ರಾಂ; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧವಾಯು ಕಾರ್ಯಕ್ರಮದಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರ್ಗಿಗಳ ಹೆಸರಿತ್ತು, ಬೆಳಗಾವಿಯ ಹೆಸರಿರಲಿಲ್ಲ. ಇದರಿಂದ ಕೆಲವರು ಸಮಾಧಾನಪಟ್ಟುಕೊಂಡಿದ್ದಾರೆ. ಆದರೆ ಅಡಿಗೆಮನೆಯಲ್ಲಿ ಕಟ್ಟಿಗೆಯ ಒಲೆ ಊದುವ ತಾಯಿಗೆ ಯಾವ ಪಟ್ಟಿಯೂ ಅನ್ವಯಿಸುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಹಿಂದೆ ನಮ್ಮ ಹಳ್ಳಿಗಳಿಗೆ ಬಂದದ್ದು ಹೊಗೆಯನ್ನು ಕೊಳವೆಯಿಂದ ಹೊರಹಾಕುವುದಕ್ಕಾಗಿ. ಅನಿಲದ ಒಲೆ ಬಂದ ಮನೆಗಳಲ್ಲಿಯೂ ಬಚ್ಚಲದ ಹಂಡೆಯ ಉರಿ ಹಾಗೆಯೇ ಇದೆ. ಅಂತೆಯೇ ಊರಿನ ಧೂಳು, ಮಸಿ ಎಲ್ಲವೂ ಕೊನೆಗೆ ಮಾಳಿಗೆಯ ಮೇಲೆ ಕೂಡುತ್ತವೆ. ಮಳೆನೀರು ಹಿಡಿಯುವವರು ಮೊದಲ ಒಂದೆರಡು ಮಳೆಗಳ ನೀರನ್ನು ಹೊರಗೆ ಬಿಡಬೇಕು.

ಇನ್ನು ಮನೆಯಲ್ಲಿ, ಓಣಿಯಲ್ಲಿ, ಜಾತ್ರೆಯ ದಾಸೋಹದಲ್ಲಿ ಮಾಡಬಹುದಾದದ್ದು. ಗಾಜಿನ ಸಣ್ಣ ಸೀಸೆಯಲ್ಲಿ ಬರುವ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಕಪ್ಪಾದ ನೀರು ಹೊಲಸು ಕೂಡಿದ ನೀರೆಂದು ಶಂಕಿಸಬೇಕು. ಜಲಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ಕ್ಷೇತ್ರಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆಯಿದೆ. ಅವರು ನಿಮ್ಮ ಊರಿನಲ್ಲಿ ಯಾರೆಂದು ಪಂಚಾಯತಿಯಲ್ಲಿ ಕೇಳಿರಿ. ನೈಟ್ರೇಟು ಮೊದಲಾದವುಗಳ ನಿಖರವಾದ ಲೆಕ್ಕಕ್ಕೆ ಜಿಲ್ಲೆಯ ನೀರಿನ ಪ್ರಯೋಗಶಾಲೆಗೆ ಮಾದರಿ ಒಯ್ಯಬೇಕು, ಮಳೆಗಾಲಕ್ಕೆ ಮೊದಲೊಮ್ಮೆ, ಅನಂತರ ಒಮ್ಮೆ.

ರೋಗಾಣು ಕಂಡ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವಾಗ ಕಣ್ಣಳತೆ ಸಲ್ಲದು. ಸಾವಿರ ಲೀಟರು ನೀರಿಗೆ ಒಳ್ಳೆಯ ಪುಡಿ ಸುಮಾರು ಎರಡೂವರೆ ಗ್ರಾಂ ಎಂಬುದು ಲೆಕ್ಕ. ನಾಲ್ಕು ಮೀಟರು ಅಗಲದ ದುಂಡು ಬಾವಿಯಲ್ಲಿ ಮೂರು ಮೀಟರು ನೀರಿದ್ದರೆ ಅದು ಸುಮಾರು 37,700 ಲೀಟರು. ಅದಕ್ಕೆ ಪುಡಿ 94 ಗ್ರಾಂ. ಪುಡಿಯನ್ನು ಬಕೀಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕುಳಿತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು, ಕೊಡವನ್ನು ಇಳಿಸಿ ಎತ್ತಿ ನೀರನ್ನು ಕದಡಬೇಕು. ಒಂದು ತಾಸು ಕಳೆದ ಮೇಲೆಯೇ ಸೇದಬೇಕು. ತೆರೆದಿಟ್ಟ ಹಳೆಯ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ. ವಾರ ಬಿಟ್ಟು ಮತ್ತೊಂದು ಸೀಸೆಯಲ್ಲಿ ಅದೇ ಬಾವಿಯ ನೀರನ್ನು ಹಿಡಿದು ನೋಡಬೇಕು; ಅದೂ ಕಪ್ಪಾದರೆ ಪುಡಿಯನ್ನು ಹೆಚ್ಚಿಸುವ ಬದಲು ಬಾವಿಯ ಸುತ್ತಲಿನ ಗುಂಡಿ ಯಾವುದೆಂದು ಹುಡುಕಬೇಕು.