ಹೆಸರು ಉಳಿಸಿಕೊಳ್ಳುವ ವ್ಯಾಪಾರ: ಆನ್‌ಲೈನ್‌ನಲ್ಲಿ ಮಾರುವ ನಮ್ಮ ಸದಸ್ಯರು ಕಲಾವಿದರಿಂದ ಕಲಿಯಬಹುದಾದದ್ದು



ಸಂಘದ ವಾಟ್ಸಾಪ್ ಗುಂಪಿನಲ್ಲಿ ಈಗ ಹಬ್ಬದ ಶುಭಾಶಯಗಳಿಗಿಂತ ಸೀರೆಯ ಫೋಟೋಗಳೇ ಜಾಸ್ತಿ ಬರುತ್ತಿವೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಕರುಮತ್ತಂಪಟ್ಟಿ, ಸೋಮನೂರು, ಸಿರುಮುಗೈ, ತಿರುಪ್ಪೂರು, ಆ ಕಡೆ ತಾಳವಾಡಿ, ಹೊಸೂರು, ಎಲ್ಲ ಕಡೆಯೂ ನಮ್ಮ ಮನೆಗಳ ಹೆಣ್ಣುಮಕ್ಕಳು, ಸೊಸೆಯಂದಿರು, ಕೆಲಸ ಬಿಟ್ಟ ಹುಡುಗರು ಫೋನ್ ಮುಂದೆ ನಿಂತು ಸೀರೆ, ಬನಿಯನ್ನು, ಮಕ್ಕಳ ಬಟ್ಟೆ, ಮನೆಯಲ್ಲಿ ಕುಟ್ಟಿದ ಸಾರಿನ ಪುಡಿ ಮಾರುತ್ತಿದ್ದಾರೆ. ಕೂಲಿಗೆ ನೇಯ್ದು ಕೊಡುವುದೊಂದೇ ದಾರಿ ಎಂದಿದ್ದ ಮನೆಗಳಿಗೆ ಇದೊಂದು ಹೊಸ ಆಸರೆ.

ಇದರ ಬೆನ್ನಿಗೇ 'ಪರ್ಸನಲ್ ಬ್ರ್ಯಾಂಡಿಂಗ್' ಕಲಿಸುತ್ತೇವೆ ಎನ್ನುವವರೂ ಬಂದಿದ್ದಾರೆ. ಎರಡು ದಿನದ ಕ್ಲಾಸಿಗೆ ಅವರು ಕೇಳುವ ಫೀಸು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆ ಪದದ ಅರ್ಥವೇನು, ಹಣ ಕೊಟ್ಟು ಕಲಿಯುವಂಥದ್ದು ಅದರಲ್ಲಿ ಏನಿದೆ ಎಂದು ಹಲವರು ಕೇಳಿದ್ದರಿಂದ ಈ ಲೇಖನ.

ಮಾಲನ್ನು ನೋಡುವ ಮೊದಲೇ ಮಾರುವವರ ಹೆಸರು ಕೇಳಿ ಗಿರಾಕಿಯ ಮನಸ್ಸಿನಲ್ಲಿ ಏಳುವ ನಂಬಿಕೆ ಅಥವಾ ಅನುಮಾನ, ಅದೇ ಈ ಬ್ರ್ಯಾಂಡಿಂಗ್. ನಮ್ಮ ಹಿರಿಯರು ಇದಕ್ಕೆ ಸುಮ್ಮನೆ 'ಹೆಸರು' ಎನ್ನುತ್ತಿದ್ದರು. ಈ ವಿದ್ಯೆಯನ್ನು ಬಹಳ ಕಾಲದಿಂದ ಹೊಟ್ಟೆಪಾಡಿಗಾಗಿ ಅಭ್ಯಾಸ ಮಾಡಿದವರು ನಾಟಕದವರು ಮತ್ತು ಸಿನಿಮಾದವರು. ಅವರ ಬಳಿ ಮಾರಲು ಬೇರೆ ಸರಕೇ ಇಲ್ಲ, ತಮ್ಮನ್ನೇ ಮುಂದಿಡಬೇಕು. ಆದ್ದರಿಂದ ಕಲಿಯುವುದಾದರೆ ಅವರಿಂದ ಕಲಿಯುವುದು ಸರಿ ಎಂದು ನನ್ನ ಅಭಿಪ್ರಾಯ.

ಡಾ. ರಾಜ್‌ಕುಮಾರ್ ಅವರಿಂದಲೇ ಶುರುಮಾಡೋಣ. ಅದಕ್ಕೆ ಅಭಿಮಾನವಲ್ಲದೆ ಇನ್ನೊಂದು ಕಾರಣವೂ ಇದೆ. ಅವರು 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದಾಗ ಆ ಊರು ನಮ್ಮ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1979ರಲ್ಲಿ ಜಿಲ್ಲೆ ಒಡೆದ ಮೇಲೆ ತಾಳವಾಡಿ ಸೀಮೆ ಈರೋಡಿನ ಕಡೆಗೆ ಹೋಯಿತು. ಕೊಳ್ಳೇಗಾಲ ತಾಲ್ಲೂಕು ಕೂಡ 1956ರವರೆಗೆ ಇದೇ ಜಿಲ್ಲೆಯದು. ಅವರ ಹೆಸರಿನ ಹಿಂದಿರುವ ಸಿಂಗಾನಲ್ಲೂರು ಕೊಯಮತ್ತೂರು ನಗರದ ಸಿಂಗಾನಲ್ಲೂರು ಎಂದು ನಮ್ಮವರಲ್ಲಿ ಎಷ್ಟೋ ಮಂದಿ ತಿಳಿದಿದ್ದಾರೆ. ಅಲ್ಲ, ಅದು ಕೊಳ್ಳೇಗಾಲದ ಕಡೆಯದು. ಅದೇನೇ ಇರಲಿ, ದಾಖಲೆ ಪ್ರಕಾರ ಅಣ್ಣಾವ್ರು ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಹುಡುಗ.

ತಂದೆ ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಬೆಳೆದ ಮುತ್ತುರಾಜ, 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ರಾಜ್‌ಕುಮಾರ್ ಆದರು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಶಿವಾಜಿರಾವ್ ಗಾಯಕ್‌ವಾಡ್ 1975ರ 'ಅಪೂರ್ವ ರಾಗಂಗಳ್' ಹೊತ್ತಿಗೆ ರಜನಿಕಾಂತ್ ಆದರು. ತಮಿಳು ಚಿತ್ರರಂಗದಲ್ಲಿ ಅದಾಗಲೇ ಶಿವಾಜಿ ಗಣೇಶನ್ ಎಂಬ ದೊಡ್ಡ ಹೆಸರು ಇದ್ದುದರಿಂದ ಕೆ. ಬಾಲಚಂದರ್ ಬೇರೆ ಹೆಸರು ಕೊಟ್ಟರು. ಇಲ್ಲಿ ಮೊದಲ ಪಾಠವಿದೆ. ನಮ್ಮ ಗುಂಪಿನಲ್ಲೇ ಚೌಡೇಶ್ವರಿ ಅಮ್ಮನವರ ಹೆಸರಿನ ಟೆಕ್ಸ್‌ಟೈಲ್ಸ್, ಸ್ಯಾರೀಸ್, ಸಿಲ್ಕ್ಸ್ ಎಂದು ಮೂರು ನಾಲ್ಕು ಪೇಜುಗಳಿವೆ. ತಾಯಿಗೆ ಬೇಸರವಾಗಲಾರದು. ಆದರೆ ಒಬ್ಬರ ಬಳಿ ಕೊಂಡು ತೃಪ್ತಿಯಾದ ಗಿರಾಕಿ ಎರಡನೇ ಸಲ ಇನ್ನೊಬ್ಬರ ಬಾಗಿಲಿಗೆ ಹೋಗುತ್ತಾರೆ. ದೇವರ ಹೆಸರು ಇಟ್ಟುಕೊಳ್ಳಿ, ಅದರ ಜೊತೆಗೆ ತಮ್ಮ ಊರನ್ನೋ ಮನೆತನದ ಹೆಸರನ್ನೋ ಸೇರಿಸಿ. ಒಮ್ಮೆ ಇಟ್ಟ ಹೆಸರನ್ನು ವರ್ಷಕ್ಕೊಮ್ಮೆ ಬದಲಾಯಿಸಬೇಡಿ.

ಇನ್ನು ಗುಬ್ಬಿ ವೀರಣ್ಣನವರು. 1934ರಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದವರು ಅವರು. ಯುದ್ಧ ತೋರಿಸುತ್ತೇವೆ ಎಂದ ಮೇಲೆ ಬಂದ ಜನ ಅದನ್ನು ಕಣ್ಣಾರೆ ಕಂಡರು. ಅದೇ ವೀರಣ್ಣನವರನ್ನು 'ಸದಾರಮೆ'ಯ ಕಳ್ಳನ ಪಾತ್ರದಲ್ಲಿ ನೋಡಲು ಜನ ಮತ್ತೆ ಮತ್ತೆ ಬರುತ್ತಿದ್ದರು. ಕಥೆ ಗೊತ್ತು, ಪಾತ್ರ ಗೊತ್ತು, ಆದರೂ ಬರುತ್ತಿದ್ದರು. ರಜನಿಯವರ ಸಿಗರೇಟು ಎಸೆಯುವ ಕೈಚಳಕವೂ ಹಾಗೆಯೇ (ಸಿಗರೇಟನ್ನು ಬಿಟ್ಟು ಕೈಚಳಕವನ್ನು ಮಾತ್ರ ಗಮನಿಸಬೇಕಾಗಿ ಯುವಕರಲ್ಲಿ ವಿನಂತಿ). ಜನರಿಗೆ ದಿನವೂ ಹೊಸದು ಬೇಕು ಎಂದು ಕ್ಲಾಸಿನವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಜನರಿಗೆ ಗುರುತು ಸಿಗುವಂಥದ್ದು ಬೇಕು. ಸಿರುಮುಗೈ ಕಡೆಯ ನಮ್ಮ ಸದಸ್ಯೆಯೊಬ್ಬರು ಪ್ರತಿ ವೀಡಿಯೋದಲ್ಲೂ ಮೊದಲು ಸೀರೆಯನ್ನು ಮಗುಚಿ ಹಿಂಬದಿಯ ನೂಲು ತೋರಿಸುತ್ತಾರೆ. ಆಮೇಲೆ ಸೆರಗು, ಕೊನೆಗೆ ಬೆಲೆ. ಅವರು ಮಾತಾಡುವುದೇ ಕಡಿಮೆ. ಆದರೆ ಹಿಂಬದಿ ತೋರಿಸುವ ಅಕ್ಕ ಎಂದರೆ ಅವರೇ ಎಂದು ಎಲ್ಲರಿಗೂ ಗೊತ್ತು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಬೇರೆಯೇ ಒಂದು ಸಂಗತಿ. ಒಬ್ಬ ಕಲಾವಿದ ಏನನ್ನು ಮಾಡಿದ ಎನ್ನುವಷ್ಟೇ, ಏನನ್ನು ಬೇಡ ಎಂದ ಎನ್ನುವುದೂ ಅವನ ಹೆಸರನ್ನು ಕಟ್ಟುತ್ತದೆ. ರಾಜ್‌ಕುಮಾರ್ 200ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಅಷ್ಟು ದೊಡ್ಡ ಮುಖಕ್ಕೆ ಸೋಪು, ಎಣ್ಣೆ, ಪಾನೀಯದವರು ಎಷ್ಟು ಹಣ ಬೇಕಾದರೂ ಸುರಿಯುತ್ತಿದ್ದರು. ಅವರು ಜಾಹೀರಾತಿನಲ್ಲಿ ಕಾಣಿಸಿಕೊಂಡದ್ದು ನಂದಿನಿ ಹಾಲಿಗೆ, ಅದೂ ಸಂಭಾವನೆಯಿಲ್ಲದೆ. ರೈತರ ಹಾಲು, ಅದಕ್ಕೆ ಹಣ ಬೇಡ ಎಂಬ ಧೋರಣೆ. ಮಗ ಪುನೀತ್ ಬೇರೆ ಕಂಪನಿಗಳ ಜಾಹೀರಾತು ಮಾಡಿದರೂ ನಂದಿನಿಗೆ ತಂದೆಯ ಹಾಗೆಯೇ ಹಣ ತೆಗೆದುಕೊಳ್ಳಲಿಲ್ಲ. ಹಣ ಪಡೆದು ಜಾಹೀರಾತು ಮಾಡುವುದು ತಪ್ಪಲ್ಲ, ಅದೂ ಒಂದು ದುಡಿಮೆ. ಯಾವುದಕ್ಕೆ ಮುಖ ಕೊಡುತ್ತೇವೆ ಎನ್ನುವುದೇ ಪ್ರಶ್ನೆ. 2022ರ ಏಪ್ರಿಲ್‌ನಲ್ಲಿ ಹಿಂದಿ ನಟ ಅಕ್ಷಯ್ ಕುಮಾರ್ ಪಾನ್ ಮಸಾಲಾ ಕಂಪನಿಯೊಂದರ ಏಲಕ್ಕಿ ಜಾಹೀರಾತಿನಲ್ಲಿ ಕಾಣಿಸಿಕೊಂಡಾಗ ಅಭಿಮಾನಿಗಳೇ ತಿರುಗಿಬಿದ್ದರು. ಅವರು ಬಹಿರಂಗವಾಗಿ ಕ್ಷಮೆ ಕೇಳಿ ಹಿಂದೆ ಸರಿಯಬೇಕಾಯಿತು. ವ್ಯಾಯಾಮ, ಶಿಸ್ತು, ಆರೋಗ್ಯ ಎಂದು ವರ್ಷಗಟ್ಟಲೆ ಕಟ್ಟಿದ ಹೆಸರಿಗೂ ಆ ಪೊಟ್ಟಣಕ್ಕೂ ಹೊಂದಲಿಲ್ಲ.

ಇದು ದೊಡ್ಡವರ ಕಥೆ, ನಮಗೇನು ಎನ್ನಬೇಡಿ. ಸೀರೆಯ ವೀಡಿಯೋಗಳಿಗೆ ನೋಡುಗರು ಹೆಚ್ಚಾದ ಕೂಡಲೇ ನಮ್ಮ ಹೆಣ್ಣುಮಕ್ಕಳಿಗೂ ತೂಕ ಇಳಿಸುವ ಪುಡಿ, ಬಿಳಿಯಾಗುವ ಕ್ರೀಮು, ಚೀಟಿ ಹಣದ ಆ್ಯಪ್ ಹೊಗಳಿ ಎಂದು ಕರೆ ಬರುತ್ತಿದೆ. ಒಂದು ವೀಡಿಯೋಗೆ ಹತ್ತು ಸೀರೆ ಮಾರಿದ ಲಾಭ ಕೊಡುತ್ತೇವೆ ಎನ್ನುತ್ತಾರಂತೆ. ಕಾನೂನು ಏನು ಹೇಳುತ್ತದೆ ಎಂದು ತಿಳಿದಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ತಯಾರಿಸಿದವರ ಮೇಲೆ ಮಾತ್ರವಲ್ಲ, ಅದನ್ನು ಹೊಗಳಿ ಮುಖ ತೋರಿಸಿದವರ ಮೇಲೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹೊಗಳುವ ಮೊದಲು ನಿಜವೇ ಎಂದು ತಕ್ಕಮಟ್ಟಿಗೆ ಪರಿಶೀಲಿಸಿದ್ದರೆ ಮಾತ್ರ ರಕ್ಷಣೆ. ಹಣವನ್ನೋ ಉಚಿತ ಮಾಲನ್ನೋ ಪಡೆದು ಮಾತಾಡುವುದಾದರೆ ಅದನ್ನು ವೀಡಿಯೋದಲ್ಲೇ ಸ್ಪಷ್ಟವಾಗಿ ಹೇಳಬೇಕೆಂದು 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದೆ. ನಾವು ಕನ್ನಡದಲ್ಲಿ ಮಾತಾಡಿದರೆ ಅದನ್ನೂ ಕನ್ನಡದಲ್ಲೇ ಹೇಳುವುದು. ಮೂಲೆಯಲ್ಲಿ ಇಂಗ್ಲಿಷಿನ ಇರುವೆ ಅಕ್ಷರ ಸಾಲದು.

ಫೋಟೋ ವಿಚಾರ. ಪರದೆಯ ಮೇಲೆ ರಜನಿಕಾಂತ್ ಹೇಗಿರುತ್ತಾರೆ ಎಂದು ಎಲ್ಲರಿಗೂ ಗೊತ್ತು. ಹೊರಗೆ ಬಂದಾಗ ಬೋಳುತಲೆ, ನರೆತ ಗಡ್ಡ, ಬಿಳಿ ಪಂಚೆ. ವಿಗ್ ಇಲ್ಲ. ಪಾತ್ರ ಬೇರೆ ತಾನು ಬೇರೆ ಎಂದು ಅವರು ಮುಚ್ಚಿಡದಿದ್ದುದರಿಂದ ಬೆಲೆ ಏರಿತೇ ಹೊರತು ಇಳಿಯಲಿಲ್ಲ. ನಮ್ಮ ಪೇಜುಗಳಲ್ಲಿ ಕೆಲವರು ಫಿಲ್ಟರ್ ಹಾಕಿ ಮಾಸಲು ಕೆಂಪನ್ನು ಕಡುಗೆಂಪು ಮಾಡುತ್ತಾರೆ. ಇನ್ನೂ ಗಂಭೀರವಾದದ್ದು ಪವರ್‌ಲೂಮ್ ಸೀರೆಯನ್ನು ಕೈಮಗ್ಗ ಎನ್ನುವುದು. ಸೋಮನೂರು, ಕರುಮತ್ತಂಪಟ್ಟಿ ಸುತ್ತ ಪವರ್‌ಲೂಮಿನಿಂದಲೇ ಅನ್ನ ತಿನ್ನುವ ಮನೆಗಳು ಸಾವಿರಾರು. ಅದರಲ್ಲಿ ನಾಚಿಕೆಪಡುವುದು ಏನಿದೆ? 'ಇದು ಪವರ್‌ಲೂಮ್, ನಮ್ಮ ಮನೆಯದೇ, ಒಗೆದರೆ ಬಣ್ಣ ಹೋಗದು' ಎಂದು ಹೇಳಿ ಮಾರಿದರೆ ಗಿರಾಕಿ ಮತ್ತೆ ಬರುತ್ತಾರೆ. ಕೈಮಗ್ಗ ಎಂದು ಸುಳ್ಳು ಹೇಳಿದರೆ ನಿಜವಾಗಿ ಗುಂಡಿಯಲ್ಲಿ ಕಾಲಿಟ್ಟು ನೇಯುವ ನಮ್ಮವರದೇ ಅನ್ನ ಕಸಿದ ಹಾಗೆ. ಅಸಲಿ ಕೈಮಗ್ಗದವರು 2006ರಿಂದ ಇರುವ ಹ್ಯಾಂಡ್‌ಲೂಮ್ ಮಾರ್ಕ್ ಗುರುತನ್ನು ಪಡೆಯಬಹುದು.

ಹೆಸರಿನ ಹಿಂದೆ ಲೆಕ್ಕವೂ ಬೇಕು, ಇದನ್ನು ಗುಮಾಸ್ತನಾಗಿ ಹೇಳುತ್ತಿದ್ದೇನೆ. ಎಲ್ಲರೂ ಅಣ್ಣಾವ್ರನ್ನು ನೆನೆಯುತ್ತಾರೆ, ಪಾರ್ವತಮ್ಮನವರನ್ನು ಅಷ್ಟು ನೆನೆಯುವುದಿಲ್ಲ. 1975ರ 'ತ್ರಿಮೂರ್ತಿ'ಯಿಂದ ಮೊದಲುಗೊಂಡು ಚಿತ್ರ ನಿರ್ಮಾಣ, ಹಂಚಿಕೆ ಎರಡನ್ನೂ ನಡೆಸಿದವರು ಅವರು. ಕಾದಂಬರಿಗಳನ್ನು ಓದಿ ಕಥೆ ಆರಿಸುತ್ತಿದ್ದರು. ಸುಧಾರಾಣಿ, ಮಾಲಾಶ್ರೀ, ರಮ್ಯಾ ಬೆಳಕಿಗೆ ಬಂದದ್ದು ಆ ಮನೆಯ ಚಿತ್ರಗಳಿಂದ. ಯಾವ ಕಥೆ ಆ ಮುಖಕ್ಕೆ ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂದು ನೋಡುವ ಕಣ್ಣೊಂದು ಮನೆಯೊಳಗೇ ಇತ್ತು. ತಾವೂ ಒಬ್ಬರು ವೀಡಿಯೋದಲ್ಲಿ ಮಾತಾಡಿದರೆ ಇನ್ನೊಬ್ಬರು ಯಾರಿಗೆ ಯಾವ ಸೀರೆ ಹೋಯಿತು, ಯಾವುದು ವಾಪಸ್ ಬಂತು, ಏಕೆ ಬಂತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಾಪಸ್ ಬಂದ ಕಾರಣಗಳನ್ನು ಆರು ತಿಂಗಳಿಗೊಮ್ಮೆ ಓದಿ ನೋಡಿ, ಯಾವ ಕ್ಲಾಸೂ ಅಷ್ಟು ಕಲಿಸುವುದಿಲ್ಲ. ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಕರೆಯುತ್ತಿದ್ದರು. ಗಿರಾಕಿಯನ್ನು ದೇವರೆಂದು ಕರೆಯಬೇಕಿಲ್ಲ. ಮಧ್ಯಾಹ್ನ ಕೇಳಿದ ಪ್ರಶ್ನೆಗೆ ರಾತ್ರಿಯೊಳಗೆ ಉತ್ತರ ಕೊಟ್ಟರೆ ಸಾಕು.

ಈ ಲೇಖನ ಬರೆಯಲೇಬೇಕು ಅನಿಸಿದ್ದು ಹೊಸೂರು ಕಡೆಯ ಸದಸ್ಯೆಯೊಬ್ಬರಿಗೆ ಆದ ತೊಂದರೆಯಿಂದ. ಯಾರೋ ಅವರ ವೀಡಿಯೋಗಳನ್ನೇ ಎತ್ತಿ, ಹೆಸರಿನಲ್ಲಿ ಒಂದು ಅಕ್ಷರ ಬದಲಿಸಿ, ನಕಲಿ ಪೇಜು ಮಾಡಿ ಜನರಿಂದ ಮುಂಗಡ ಹಣ ಪಡೆದರು. ಸೀರೆ ಬಾರದವರು ಬೈದದ್ದು ಈ ಅಮ್ಮನನ್ನು, ಏಕೆಂದರೆ ಅವರು ಕಂಡಿದ್ದ ಮುಖ ಇದೇ. 'ಅಣ್ಣಾ, ಇನ್ನು ಮುಖ ತೋರಿಸುವುದೇ ಬೇಡವೇ?' ಎಂದು ಕೇಳಿದರು. ತೋರಿಸಿ ಎಂದೆ. ಮುಖ ಮುಚ್ಚಿಕೊಂಡರೆ ಅಸಲಿಗೂ ನಕಲಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಅನುಮತಿಯಿಲ್ಲದೆ ತಮ್ಮ ಹೆಸರು ಬಳಸಿದ ಹಿಂದಿ ಚಿತ್ರವೊಂದರ ವಿರುದ್ಧ ರಜನಿಕಾಂತ್ ಮದ್ರಾಸ್ ಹೈಕೋರ್ಟಿಗೆ ಹೋದರು. 2015ರಲ್ಲಿ ನ್ಯಾಯಾಲಯ ಅವರ ಹೆಸರು, ಚಿತ್ರ, ಶೈಲಿ ಬಳಸದಂತೆ ತಡೆಯಿತು. ನಮಗೆ ಹೈಕೋರ್ಟು ದೂರ, ಆದರೆ ಕೈಗೆಟುಕುವ ದಾರಿಗಳಿವೆ. ಹಣ ಹೋದವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಪೇಜಿನವರು ಕೂಡಲೇ ನಕಲಿ ಪೇಜನ್ನು ವರದಿ ಮಾಡಿ, ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟು, ತಮ್ಮ ಗಿರಾಕಿಗಳಿಗೆ ಸ್ವಂತ ದನಿಯಲ್ಲೇ ತಿಳಿಸಬೇಕು. ಈ ಅಮ್ಮ ಹಾಗೆಯೇ ಮಾಡಿದರು. ಬೈದವರಿಗೆ ಒಬ್ಬೊಬ್ಬರಿಗೂ ತಾವೇ ಫೋನ್ ಮಾಡಿದರು. ಅವರಲ್ಲಿ ಕೆಲವರು ಈಗ ಖಾಯಂ ಗಿರಾಕಿಗಳು.

ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸುವುದೂ ನಾವು ತಿಳಿದಷ್ಟು ಕಷ್ಟವಲ್ಲ. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ಬಟ್ಟೆಗೆ 24ನೇ ವರ್ಗ, ಸಿದ್ಧ ಉಡುಪಿಗೆ 25ನೇ ವರ್ಗ. ನೋಂದಣಿಯಾದರೆ ಹತ್ತು ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ಅರ್ಜಿ ಹಾಕುವ ಮೊದಲು ಅದೇ ಹೆಸರು ಬೇರೆಯವರದಾಗಿದೆಯೇ ಎಂದು ಟ್ರೇಡ್‌ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಹುಡುಕಬೇಕು, ಇದಕ್ಕೆ ಹಣ ಬೇಕಿಲ್ಲ. ಹುಡುಕಲು ಬಾರದವರು ತಿಂಗಳ ಸಭೆಗೆ ಒಂದು ಗಂಟೆ ಮುಂಚೆ ಬಂದರೆ ಕಚೇರಿಯ ಕಂಪ್ಯೂಟರಿನಲ್ಲಿ ಕೂತು ನೋಡಿಕೊಡುತ್ತೇನೆ. ಬರುವಾಗ ಯೋಚಿಸಿರುವ ಎರಡು ಮೂರು ಹೆಸರುಗಳನ್ನು ಚೀಟಿಯಲ್ಲಿ ಬರೆದು ತನ್ನಿ, ಇಂಗ್ಲಿಷಿನ ಕಾಗುಣಿತವನ್ನೂ ಸೇರಿಸಿ. ಚೌಡೇಶ್ವರಿ ಎಂದು ತರುವವರು ಜೊತೆಗೆ ಊರಿನ ಹೆಸರನ್ನೂ ತರಬೇಕಾಗಿ ವಿನಂತಿ.

ಇಂತಿ,
ಕಾರ್ಯದರ್ಶಿ
ಕರುಮತ್ತಂಪಟ್ಟಿ