‘ತಪ್ಪಾಗುತ್ತದೆ’ ಮತ್ತು ‘ತಪ್ಪು ಮಾಡುತ್ತಾರೆ’: ನಾಯಕರ ಪಾಡ್‌ಕಾಸ್ಟ್ ಸಂದರ್ಶನಕ್ಕೆ ಬೆಂಬಲಿಗರ ಪ್ರತಿಕ್ರಿಯೆಯ ವ್ಯಾಕರಣ

ಸಾರಾಂಶ: ರಾಜಕೀಯ ನಾಯಕರೊಬ್ಬರ ಸಂದರ್ಶನವನ್ನು ಕೇಳಿದ ಬೆಂಬಲಿಗರು ತಮ್ಮ ನಿಲುವನ್ನು ಹೊಗಳಿಕೆಯ ಪದಗಳಿಂದ ಮಾತ್ರವಲ್ಲದೆ ಕ್ರಿಯಾಪದದ ಆಯ್ಕೆ, ಉಕ್ತಿಯನ್ನು ವರದಿಮಾಡುವ ರೀತಿ ಮತ್ತು ವಚನಗಳ ಮೂಲಕವೂ ತಿಳಿಸುತ್ತಾರೆ. ಈ ಮೂರು ಸಾಧನಗಳನ್ನು ಶಿಷ್ಟ ಕನ್ನಡ ಹಾಗೂ ಬಾಗಲಕೋಟೆ ಸೀಮೆಯ ಆಡುಮಾತುಗಳ ಹಿನ್ನೆಲೆಯಲ್ಲಿ ಇಲ್ಲಿ ವಿವರಿಸಿದ್ದೇವೆ.

ಮುಖ್ಯಪದಗಳು: ಕರ್ತೃತ್ವ, ಉಕ್ತಿಸೂಚಕ, ಗೌರವ ಬಹುವಚನ, ಉತ್ತರ ಕರ್ನಾಟಕದ ಕನ್ನಡ

1. ಪೀಠಿಕೆ

ಪ್ರಧಾನಿ ನರೇಂದ್ರ ಮೋದಿಯವರು ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಅವರಿಗೆ ನೀಡಿದ ಪಾಡ್‌ಕಾಸ್ಟ್ ಸಂದರ್ಶನವು 2025ರ ಜನವರಿ 10ರಂದು ಬಿಡುಗಡೆಯಾಯಿತು. ಸಂಭಾಷಣೆ ನಡೆದದ್ದು ಹಿಂದಿಯಲ್ಲಿ. ಸಂದರ್ಶಕರು ತಾವು ದಕ್ಷಿಣ ಭಾರತದವರೆಂದೂ ತಮ್ಮ ಹಿಂದಿ ಅಷ್ಟು ಚೆನ್ನಾಗಿಲ್ಲವೆಂದೂ ಆರಂಭದಲ್ಲಿಯೇ ಹೇಳಿಕೊಂಡರು. ಗುಜರಾತಿನ ಮುಖ್ಯಮಂತ್ರಿಯಾದ ಕಾಲದ ತಮ್ಮ ಭಾಷಣವೊಂದನ್ನು ನೆನೆದ ಪ್ರಧಾನಿಯವರು ತಮ್ಮಿಂದಲೂ ತಪ್ಪುಗಳಾಗಬಹುದು, ತಾವೂ ಮನುಷ್ಯರೇ ಹೊರತು ದೇವರಲ್ಲ, ಆದರೆ ದುರುದ್ದೇಶದಿಂದ ತಪ್ಪು ಮಾಡುವುದಿಲ್ಲ ಎಂಬ ಅರ್ಥದ ಮಾತುಗಳನ್ನಾಡಿದರು. ಹೆಚ್ಚು ಚರ್ಚೆಗೊಳಗಾದದ್ದು ಈ ಭಾಗವೇ.

ಇಂತಹ ಮಾತು ಬೆಂಬಲಿಗನಿಗೆ ಒಂದು ಭಾಷಿಕ ಸಮಸ್ಯೆಯನ್ನು ಒಡ್ಡುತ್ತದೆ. ನಾಯಕನೇ ತನ್ನ ತಪ್ಪಿನ ಸಾಧ್ಯತೆಯನ್ನು ಒಪ್ಪಿಕೊಂಡಾಗ, ಆ ಒಪ್ಪಿಗೆಯನ್ನು ಅಲ್ಲಗಳೆಯದೆ, ನಿಷ್ಠೆಯನ್ನೂ ಬಿಡದೆ ಅದನ್ನು ಮರುನುಡಿಯುವುದು ಹೇಗೆ? ನಮ್ಮದು ಪ್ರತಿಕ್ರಿಯೆಗಳ ಎಣಿಕೆಯ ಅಧ್ಯಯನವಲ್ಲ. ಕನ್ನಡವು ಇದಕ್ಕೆ ಒದಗಿಸುವ ಸಾಧನಗಳ ವಿವರಣೆ. ಕೆಳಗಿನ ಸಂಖ್ಯಾಂಕಿತ ವಾಕ್ಯಗಳನ್ನು ವಿವರಣೆಗಾಗಿ ನಾವೇ ರಚಿಸಿದ್ದೇವೆ.

2. ಆಗುವುದು ಮತ್ತು ಮಾಡುವುದು

ಹಿಂದಿಯ ‘ಹೋನಾ’ ಮತ್ತು ‘ಕರ್‌ನಾ’ ಧಾತುಗಳಂತೆಯೇ ಕನ್ನಡದಲ್ಲಿ ‘ಆಗು’ ಮತ್ತು ‘ಮಾಡು’ ಎಂಬ ಜೋಡಿಯಿದೆ.

(1) ಅವರು ತಪ್ಪು ಮಾಡುತ್ತಾರೆ.
(2) ಅವರಿಂದಲೂ ತಪ್ಪಾಗುತ್ತದೆ.
(3) ತಪ್ಪಾಗುತ್ತದೆ.

(1)ರಲ್ಲಿ ನಾಯಕನು ಕರ್ತೃ. ಕ್ರಿಯೆಯ ಹೊಣೆ ಅವನದು. (2)ರಲ್ಲಿ ಕರ್ತೃಸ್ಥಾನಕ್ಕೆ ತಪ್ಪೇ ಬಂದಿದೆ. ನಾಯಕನು ‘-ಇಂದ’ ಪ್ರತ್ಯಯ ಹೊತ್ತು, ಸಂಕಲ್ಪವಿಲ್ಲದೆ ಕಾರಣನಾದವನಾಗಿ ಉಳಿದಿದ್ದಾನೆ. ‘-ಊ’ ಎಂಬ ಸಮುಚ್ಚಯಾರ್ಥಕವು ಅವನನ್ನು ಉಳಿದೆಲ್ಲ ಮನುಷ್ಯರ ಸಾಲಿಗೆ ಸೇರಿಸುತ್ತದೆ. (3)ರಲ್ಲಿ ವ್ಯಕ್ತಿಯೇ ಇಲ್ಲ. ಮೂಲದ ಹಿಂದಿ ಹೇಳಿಕೆಯು ಈ ವ್ಯತ್ಯಾಸವನ್ನೇ ಆಧರಿಸಿದೆ: ತಪ್ಪು ‘ಆಗಬಹುದು’, ಆದರೆ ದುರುದ್ದೇಶದಿಂದ ‘ಮಾಡುವುದಿಲ್ಲ’. ಕನ್ನಡಕ್ಕೆ ತರುವಾಗ ಈ ಭೇದ ಸಲೀಸಾಗಿ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯನೇ ತಪ್ಪನ್ನು ‘ಮಾಡುವ’ ವಾಕ್ಯ ಸಹಜವಾದ್ದರಿಂದ ಅಲ್ಲಿ ಭೇದ ಮಸುಕಾಗುತ್ತದೆ.

ಬೆಂಬಲದ ಎರಡು ಬಗೆಗಳು ಇಲ್ಲಿ ಕವಲೊಡೆಯುತ್ತವೆ. ಹುನಗುಂದ, ಇಳಕಲ್ ಸೀಮೆಯ ಮರೋಳದಂತಹ ಊರಿನ ಆಡುಮಾತಿಗೆ ಹೊಂದುವ ಈ ವಾಕ್ಯವನ್ನು ನೋಡಬಹುದು:

(4) ಮನಷ್ಯಾ ಅಂದ ಮ್ಯಾಲ ತಪ್ಪ ಆಗತಾವ, ಬಿಡ್ರಿ.

ಇದು (3)ರ ಮಾದರಿ. ನಾಯಕನು ತನ್ನ ಮಾತಿನಲ್ಲಿ ಉಳಿಸಿಕೊಂಡಿದ್ದ ‘ನನ್ನಿಂದ’ ಎಂಬುದನ್ನೂ ಬೆಂಬಲಿಗನು ಕಳಚಿ, ವಿಷಯವನ್ನು ಮನುಷ್ಯಸಾಮಾನ್ಯದ ಮಾತಾಗಿಸಿ ಮುಗಿಸುತ್ತಾನೆ. ‘ಅವರಿಂದನೂ ತಪ್ಪ ಆಗ್ಯಾವ’ ಎನ್ನುವವನೂ ಬೆಂಬಲಿಗನೇ. ಆದರೆ ಅವನು ಹೊಣೆಯ ಎಳೆಯನ್ನು ಕಡಿದಿಲ್ಲ. ‘ಸಮರ್ಥನೆ’ ಎಂಬ ಒಂದೇ ಹಣೆಪಟ್ಟಿ ಇಬ್ಬರಿಗೂ ಸಾಲದು.

3. ಎಂದರು, ಅಂತೆ

ಎರಡನೆಯ ಸಾಧನ ಉಕ್ತಿಯ ವರದಿ.

(5) ‘ನಾನು ದೇವರಲ್ಲ’ ಎಂದು ಹೇಳಿದರು.
(6) ತಾವು ದೇವರಲ್ಲವಂತೆ!

(5)ರಲ್ಲಿ ‘ನಾನು’ ಎಂಬ ಉತ್ತಮಪುರುಷ ಹಾಗೆಯೇ ಉಳಿದಿದೆ. ವರದಿಗಾರನು ನಾಯಕನ ದನಿಯನ್ನು ತನ್ನ ಬಾಯಲ್ಲಿ ಆಡಿಸುತ್ತಾನೆ. (6)ರಲ್ಲಿ ‘-ಅಂತೆ’ ಇದೆ. ತಾನು ನೇರವಾಗಿ ಅರಿಯದ, ಪರರಿಂದ ತಿಳಿದ ಸಂಗತಿ ಎಂಬುದು ಅದರ ಸಹಜಾರ್ಥ. ಅದರಲ್ಲಿ ವ್ಯಂಗ್ಯ ತಾನಾಗಿ ಅಡಗಿಲ್ಲ. ಆದರೆ ಪಾಡ್‌ಕಾಸ್ಟನ್ನು ಮಾತುಗಾರನೂ ಕೇಳುಗನೂ ಸ್ವತಃ ನೋಡಿರುವಾಗ ‘ಕೇಳಿ ತಿಳಿದೆ’ ಎನ್ನುವ ಅಗತ್ಯವೇ ಇರುವುದಿಲ್ಲ. ಅಗತ್ಯವಿಲ್ಲದೆಡೆ ಬಂದ ‘-ಅಂತೆ’ಯನ್ನು ‘ಈ ಮಾತಿಗೆ ನಾನು ಹೊಣೆಯಲ್ಲ’ ಎಂದೇ ಕೇಳುಗನು ಗ್ರಹಿಸುತ್ತಾನೆ. ವಿರೋಧಿಯ ವ್ಯಂಗ್ಯ ಹುಟ್ಟುವುದು ಹೀಗೆ.

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಇಂತಹ ಪದಾಂತ್ಯದ ಎಕಾರವು ಅಕಾರವಾಗುತ್ತದೆ: ‘ಬರ್ತಾರೆ’ ಎಂಬುದು ‘ಬರ್ತಾರ’, ‘ಬಂದಾನಂತೆ’ ಎಂಬುದು ‘ಬಂದಾನಂತ’. ಹೀಗಾಗಿ ಪರೋಕ್ತಿಯ ‘ಅಂತೆ’ಯೂ ಉಕ್ತಿಸೂಚಕ ‘ಅಂತ’ವೂ ಒಂದೇ ರೂಪ ತಾಳುತ್ತವೆ. ‘ದೇವರಲ್ಲಂತ’ ಎಂದಷ್ಟೇ ಬರೆದರೆ, ಅದು ಮುಂದಿನ ‘ಹೇಳ್ಯಾರ’ ಬಿಟ್ಟುಹೋದ ಒಪ್ಪಿಗೆಯ ವರದಿಯೋ, ದೂರ ನಿಂತು ಆಡಿದ ಮಾತೋ ಬರಹದಿಂದ ತಿಳಿಯದು. ಸ್ವರಭಾರ ಮತ್ತು ಸಂದರ್ಭಗಳೇ ಅದನ್ನು ನಿರ್ಧರಿಸಬೇಕು.

4. ಏಕವಚನದ ಆಪ್ತತೆ

ಶಿಷ್ಟ ಕನ್ನಡದಲ್ಲಿ ನಾಯಕನಿಗೆ ಗೌರವ ಬಹುವಚನ ಸಲ್ಲುತ್ತದೆ: ‘ಹೇಳಿದರು’. ಸ್ವಾರಸ್ಯವೆಂದರೆ ‘ದೇವರು’ ಎಂಬ ಪದ ರೂಪದಲ್ಲಿ ಬಹುವಚನವಾದರೂ ಕ್ರಿಯಾಪದವು ಸಾಮಾನ್ಯವಾಗಿ ಏಕವಚನದಲ್ಲಿರುತ್ತದೆ: ‘ದೇವರು ಇದ್ದಾನೆ’. ಭಕ್ತನು ದೇವರನ್ನು ‘ನೀನು’ ಎಂದೇ ಕರೆಯುತ್ತಾನೆ. ಅಂದರೆ ಏಕವಚನವು ಅಗೌರವಕ್ಕೆ ಹೇಗೋ ಅತ್ಯಾಪ್ತತೆಗೂ ಹಾಗೆಯೇ ಒದಗುತ್ತದೆ.

ಇದಕ್ಕೆ ಪ್ರಸಿದ್ಧ ನಿದರ್ಶನ 2019ರ ಕಾಗವಾಡ ಉಪಚುನಾವಣೆಯ ಪ್ರಚಾರದಲ್ಲಿ ಸಿಕ್ಕಿತು. ಆಗ ಬಾಗಲಕೋಟೆ ಜಿಲ್ಲೆಯ ಬಾದಾಮಿ ಕ್ಷೇತ್ರದ ಶಾಸಕರೂ ಮಾಜಿ ಮುಖ್ಯಮಂತ್ರಿಗಳೂ ಆಗಿದ್ದ ಸಿದ್ದರಾಮಯ್ಯನವರು ಭಾಷಣ ಮಾಡುತ್ತಿದ್ದಾಗ ಸಭಿಕರೊಬ್ಬರು ‘ಹೌದು ಹುಲಿಯಾ’ ಎಂದು ಕೂಗಿದರು. ಆ ಮಾತು ನಾಡಿಗೆಲ್ಲ ಹಬ್ಬಿತು. ‘ಹುಲಿಯಾ’ ಏಕವಚನದ ಸಂಬೋಧನೆ. ಅದನ್ನು ಯಾರೂ ಅವಮಾನವೆಂದು ತಿಳಿಯಲಿಲ್ಲ. ‘ಹೌದು’ ಎಂಬ ಅನುಮೋದನೆ ಅದರ ಅರ್ಥವನ್ನು ಸ್ಥಿರಗೊಳಿಸಿತ್ತು.

ಆಡುಮಾತಿನಲ್ಲಿ ಗೌರವದ ಎರಡು ನೆಲೆಗಳು ಒಂದೇ ಕ್ರಿಯಾಪದದಲ್ಲಿ ಕೂಡಬಲ್ಲವು:

(7) ನಮ್ಮಾಂವ ಖರೇ ಹೇಳ್ಯಾನ್ರೀ.

‘ಹೇಳ್ಯಾನ’ ಎಂಬಲ್ಲಿ ನಾಯಕನಿಗೆ ಏಕವಚನ. ‘-ರೀ’ ಎಂಬುದು ಎದುರಿಗಿರುವ ಕೇಳುಗನಿಗೆ ಸಲ್ಲುವ ಮರ್ಯಾದೆ. ‘ನಮ್ಮಾಂವ’ ಎಂಬುದು ಆ ಏಕವಚನವನ್ನು ಮನೆಯವನ ಸಲುಗೆಯಾಗಿಸುತ್ತದೆ. ಪತ್ರಿಕಾಭಾಷೆಯು ಇದನ್ನು ‘ನಮ್ಮ ನಾಯಕರು ನಿಜವನ್ನೇ ಹೇಳಿದ್ದಾರೆ’ ಎಂದು ತಿದ್ದಿದರೆ ಕೇಳುಗನಿಗೆ ಸಂದ ಮರ್ಯಾದೆ ಅಳಿದು, ಆಪ್ತತೆಯ ಸ್ಥಾನದಲ್ಲಿ ಅಂತರ ಬಂದು ಕೂರುತ್ತದೆ.

5. ಉಪಸಂಹಾರ

ಪ್ರತಿಕ್ರಿಯೆಗಳನ್ನು ಪರ, ವಿರೋಧ ಎಂದು ಯಂತ್ರದಿಂದಲೋ ಅವಸರದ ಓದಿನಿಂದಲೋ ವಿಂಗಡಿಸುವ ಕಾಲವಿದು. ಪದಗಳನ್ನಷ್ಟೇ ಎಣಿಸುವ ವಿಧಾನವು (7)ರ ಏಕವಚನವನ್ನು ತಿರಸ್ಕಾರವೆಂದೂ (6)ರ ‘-ಅಂತೆ’ಯನ್ನು ಬರಿಯ ವರದಿಯೆಂದೂ ಎಣಿಸಬಹುದು. ಈ ತಪ್ಪಿನ ಭಾರವನ್ನು ಹೆಚ್ಚಾಗಿ ಹೊರುವವರು ಶಿಷ್ಟಭಾಷೆಯಿಂದ ದೂರವಿರುವ ಮಾತುಗಾರರು.

ಇದಕ್ಕಿಂತ ಮುಖ್ಯವಾದದ್ದು ಹೊಣೆಯ ಪ್ರಶ್ನೆ. ‘ತಪ್ಪಾಗುತ್ತದೆ’ ಎಂದು ಕರ್ತೃವನ್ನು ಬಿಟ್ಟುಕೊಡುವವನಿಗೂ ‘ಅವರಿಂದಲೂ ತಪ್ಪಾಗಿದೆ, ಆದರೂ ನಾನು ಅವರ ಕಡೆಯವನು’ ಎನ್ನುವವನಿಗೂ ಇರುವ ಅಂತರವನ್ನು ಒಂದು ವಿಭಕ್ತಿಪ್ರತ್ಯಯ ಕಾಯುತ್ತಿದೆ. ಬೆಂಬಲಿಗರನ್ನೆಲ್ಲ ಕುರುಡು ಅಭಿಮಾನಿಗಳೆಂದು ಕರೆಯುವ ಮುನ್ನ ಅವರ ವಾಕ್ಯಗಳಲ್ಲಿ ಆ ‘-ಇಂದ’ ಉಳಿದಿದೆಯೇ ಎಂದು ನೋಡುವುದು ನ್ಯಾಯ.