ಲೋಟದಲ್ಲಿ ಕಂದಿದ ನೀರು

ಬೆಂಗಳೂರಿನ ಬಸವೇಶ್ವರನಗರದ ನಮ್ಮ ಮನೆಗೆ ಈಚೆಗೆ ಫಿಲ್ಟರ್ ಮಾರುವ ಹುಡುಗನೊಬ್ಬ ಬಂದಿದ್ದ. ಎರಡು ಗಾಜಿನ ಲೋಟ ಕೇಳಿ ಪಡೆದ. ಒಂದಕ್ಕೆ ನಮ್ಮ ನಲ್ಲಿ ನೀರು, ಇನ್ನೊಂದಕ್ಕೆ ತಾನೇ ತಂದಿದ್ದ ಆರ್‌ಒ ನೀರು ಹುಯ್ದ. ಲೋಹದ ಕಡ್ಡಿಗಳಿದ್ದ ಸಾಧನವೊಂದನ್ನು ಎರಡಕ್ಕೂ ಇಳಿಬಿಟ್ಟು ಪ್ಲಗ್ ಹಾಕಿದ. ನೋಡನೋಡುತ್ತ ನಮ್ಮ ನೀರು ಕೆಸರುಗಂದಾಯಿತು, ಅವನದು ತಿಳಿಯಾಗಿಯೇ ಉಳಿಯಿತು. "ಇದನ್ನೇ ಅಲ್ವಾ ಆಂಟಿ, ದಿನಾ ಮಕ್ಕಳಿಗೆ ಕುಡಿಸ್ತಿರೋದು?" ಎಂದ. ಪಕ್ಕದ ಮನೆಯವರು ಅಂದೇ ಅಡ್ವಾನ್ಸ್ ಕೊಟ್ಟರು.

ಆ ಕಂದು ಬಣ್ಣ ನೀರಿನದಲ್ಲ, ಕಡ್ಡಿಯದು. ಅವುಗಳಲ್ಲಿ ಕೆಲವು ಕಬ್ಬಿಣದವು. ನೀರಿನಲ್ಲಿ ಕರಗಿದ ಲವಣ ಇದ್ದರೆ ವಿದ್ಯುತ್ ಹರಿಯುತ್ತದೆ. ಹರಿದರೆ ಕಬ್ಬಿಣ ಕರಗಿ ತುಕ್ಕಾಗುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಹರಿಯುವುದೇ ತೀರಾ ಕಡಿಮೆ. ಅವನ ಲೋಟಕ್ಕೂ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದ್ದರೆ ಅದೂ ಕಂದುತ್ತಿತ್ತು. ಹೆದರಿಸಿ ಮಾರುವ ಈ ಆಟ ನಿಲ್ಲಬೇಕು.

ಪೆನ್ನಿನಂಥ ಟಿಡಿಎಸ್ ಮೀಟರ್ ಅಳೆಯುವುದೂ ಇದನ್ನೇ, ಅಂದರೆ ನೀರು ಎಷ್ಟು ವಿದ್ಯುತ್ ಹರಿಯಗೊಡುತ್ತದೆ ಎಂಬುದನ್ನು. ಅದರಿಂದ ಕರಗಿದ ಲವಣದ ಅಂದಾಜು ಸಿಗುತ್ತದೆ. ವಾಂತಿಭೇದಿ ತರುವ ಕ್ರಿಮಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ನಮಗೆ ಬರುವ ಕಾವೇರಿ ನೀರು ಈ ಗೆರೆಗಿಂತ ಬಹಳ ಕೆಳಗಿದೆ.

ಹಾಗಾದರೆ ಭಯವೇ ಬೇಡವೇ? ಬೇಕು, ಆದರೆ ಬೇರೆ ಕಡೆಗೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ ಕ್ಲೋರಿನ್ ಬೆರೆಸಿದ ನೀರು ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ ಏರಿ ನಗರಕ್ಕೆ ಬರುತ್ತದೆ. ಅಷ್ಟು ದೂರ ಚೊಕ್ಕಟವಾಗಿ ಬಂದ ನೀರು ಕೆಡುವುದು ಹೆಚ್ಚಾಗಿ ಕೊನೆಯ ಕೆಲವು ಗಜಗಳಲ್ಲಿ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡವಿರುತ್ತದೆ, ಬಿರುಕಿದ್ದರೂ ನೀರು ಹೊರಗೆ ಸೋರುತ್ತದೆ. ನಿಲ್ಲಿಸಿದಾಗ ಪೈಪು ಬರಿದಾಗಿ ಸುತ್ತಲ ಮಣ್ಣಿನ ತೇವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪಕ್ಕದಲ್ಲೇ ಒಳಚರಂಡಿ ಸೋರುತ್ತಿದ್ದರೆ ಅದನ್ನೂ. ಆಮೇಲೆ ನಮ್ಮದೇ ಸಂಪು, ಮಹಡಿ ಮೇಲಿನ ಟ್ಯಾಂಕು. ಅಲ್ಲಿ ನಿಂತಷ್ಟೂ ಕ್ಲೋರಿನ್ ಆರುತ್ತದೆ.

ಈಗ ಆರ್‌ಒ ಯಂತ್ರಕ್ಕೆ ಬರೋಣ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಜಾಡಿಯಲ್ಲಿ ನೀರು ಬಿಟ್ಟಿರುತ್ತದೆ. ಹೋಳಿನ ಕೋಶಪೊರೆಯನ್ನು ದಾಟಿ ನೀರು ಉಪ್ಪಿನ ಕಡೆಗೆ ಹರಿದಿದೆ. ಇದೇ ಆಸ್ಮಾಸಿಸ್. ಇದನ್ನು ಬಲವಂತವಾಗಿ ಹಿಂದಕ್ಕೆ ತಿರುಗಿಸಿದರೆ ಆರ್‌ಒ: ಉಪ್ಪಿರುವ ಕಡೆ ಪಂಪಿನಿಂದ ಒತ್ತಿದಾಗ ನೀರು ಮಾತ್ರ ಪೊರೆ ದಾಟುತ್ತದೆ, ಉಪ್ಪು ಈಚೆಯೇ ಉಳಿಯುತ್ತದೆ. ಆ ಪೊರೆಯ ಸಂದುಗಳು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಿರಿದು. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಯೆಬ್ ಮತ್ತು ನಮ್ಮ ದೇಶದವರೇ ಆದ ಶ್ರೀನಿವಾಸ ಸೌರಿರಾಜನ್ ಕೆಲಸಕ್ಕೆ ಬರುವಂಥ ಪೊರೆ ಮಾಡಿದಾಗ ಅವರ ಮನಸ್ಸಿನಲ್ಲಿದ್ದದ್ದು ಸಮುದ್ರದ ನೀರು. ಕಾವೇರಿಯಂಥ ಸಿಹಿನೀರಲ್ಲ.

ಒಂದು ಲೀಟರ್ ಆರ್‌ಒ ನೀರಿಗೆ ಮನೆಯ ಯಂತ್ರ ಎರಡು ಮೂರು ಲೀಟರನ್ನಾದರೂ ಮೋರಿಗೆ ಬಿಡುತ್ತದೆ. ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಿ ತಂದ ನೀರದು. ನನಗೆ ಇದು ಸಹಿಸಲಾಗದ ಪೋಲು. 500ಕ್ಕಿಂತ ಕಡಿಮೆ ಟಿಡಿಎಸ್ ಇರುವಲ್ಲಿ ಆರ್‌ಒ ಬೇಡವೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದೂ ಇದೇ ಕಾರಣಕ್ಕೆ. ಕ್ಲೋರಿನ್ ತಾಗಿದರೆ ಪೊರೆ ಹಾಳಾಗುವುದರಿಂದ ಮೊದಲೇ ಇದ್ದಿಲು ಅದನ್ನು ಹೀರಿಬಿಡುತ್ತದೆ. ಹಾಗಾಗಿ ಯಂತ್ರದ ತೊಟ್ಟಿಯಲ್ಲಿ ನಿಂತ ನೀರಿಗೆ ಕ್ಲೋರಿನ್ನಿನ ಕಾವಲೂ ಇಲ್ಲ.

ಬರೀ ಕಾವೇರಿ ನೀರು ಕುಡಿಯುವವರಿಗೆ ಕ್ರಿಮಿ ಸೋಸುವ ಯುಎಫ್ ಅಥವಾ ಅವುಗಳ ಡಿಎನ್‌ಎ ಕೆಡಿಸುವ ಯುವಿ ದೀಪ ಸಾಕು. ನೀರು ಕದಡಿದ್ದರೆ ಕಣಗಳ ನೆರಳಲ್ಲಿ ಕ್ರಿಮಿ ಯುವಿಯಿಂದ ತಪ್ಪಿಸಿಕೊಳ್ಳುತ್ತದೆ, ಮೊದಲು ಸೋಸಬೇಕು. ಕುದಿಸಿ ಆರಿಸಿದರೂ ಆಯಿತು.

ಬೋರ್ ನೀರಿನ, ಟ್ಯಾಂಕರ್ ನೀರಿನ ಮಾತು ಬೇರೆ. ಪಾತ್ರೆಯ ತಳದಲ್ಲಿ ಸುಣ್ಣದ ಬಿಳಿ ಪದರ ಕಟ್ಟುವುದು ಕಣ್ಣಿಗೆ ಕಾಣುತ್ತದೆ. ಕೊಳಚೆ ಇಂಗಿ ಬಂದ ನೈಟ್ರೇಟ್ ಕಾಣುವುದಿಲ್ಲ, ವಾಸನೆಯೂ ಇಲ್ಲ, ಕುದಿಸಿದರೆ ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಲ್ಯಾಬಿನಲ್ಲಿ ಮಿತಿ ಮೀರಿದ್ದು ಕಂಡರೆ ಆರ್‌ಒ ಹಾಕಿಸಲೇಬೇಕು.

ಹುಡುಗ ಹೋದ ಮೇಲೆ ನಾನು ಎಚ್2ಎಸ್ ಪರೀಕ್ಷೆಯ ಪುಟ್ಟ ಸೀಸೆಯೊಂದನ್ನು ತರಿಸಿದೆ. ಗೆರೆಯವರೆಗೆ ನಲ್ಲಿ ನೀರು ತುಂಬಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಟ್ಟೆ. ಮಲದಿಂದ ಬರುವ ಬ್ಯಾಕ್ಟೀರಿಯಾ ಇದ್ದರೆ ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ. ಮೀಟರ್ ಒಳ್ಳೆಯದೆಂದಿದ್ದ ನಮ್ಮ ನೀರು ಮಾರನೇ ಸಂಜೆಗೇ ಕಪ್ಪಾಗಿತ್ತು. ಹೊರಗೆ ಹೋಗಿ ನೋಡಿದರೆ, ಸಂಪಿನ ಮುಚ್ಚಳ ರಸ್ತೆ ಕಡೆಯ ಮೂಲೆಯಲ್ಲಿ ಸೀಳಿತ್ತು. ಮಳೆನೀರು ಇಳಿದ ಗುರುತು ಒಳಗೋಡೆಯ ಮೇಲೆ ಉದ್ದಕ್ಕೂ ಇತ್ತು.